ಹೆಂಡತಿ ಎಂಬ ಒಂದೇ ಖಾನೆ

ಒಬ್ಬ ಗಂಡಸಿಗೆ ಒಬ್ಬಳೇ ಹೆಂಡತಿ ಎಂದು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯಲು ಒಂದೇ ಒಂದು ಸಾಲು ಸಾಕು. ಆ ಸಾಲು ಬರೆದವನು ನಾನಲ್ಲ. ಬರೆಯಬೇಡಿ ಎಂದು ಬಾಯಿ ನೋಯುವಷ್ಟು ಬಡಿದುಕೊಂಡವನು ನಾನು. ಬಡಿದುಕೊಂಡು ಏನು ಬಂತು? ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಈಗಲೂ ಆಫೀಸಿನಲ್ಲಿ ಯಾರಾದರೂ ಹೊಸಬರು ‘ಒನ್ ಟು ಒನ್’, ಒಂದಕ್ಕೆ ಒಂದೇ, ಎಂದರೆ ನನ್ನ ಮೈ ಉರಿಯುತ್ತದೆ. ಪಾಪ, ಅವರಿಗೆ ಇದೇನು ಗೊತ್ತು.

ನಮ್ಮ ಮನೆಯಲ್ಲಿ ಇಬ್ಬರಿದ್ದರು. ಖಾನಾಪುರದ ಹಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪ ಅದೇ ಕಾರ್ಖಾನೆಯ ಭಟ್ಟಿಯಲ್ಲಿ ಹಂಚು ಸುಡುವ ಕೆಲಸಕ್ಕಿದ್ದ. ಮದುವೆಯಾಗಿ ಎಷ್ಟು ವರ್ಷ ಕಳೆದರೂ ಹಿರಿಯ ಹೆಂಡತಿಗೆ ಮಕ್ಕಳಾಗಲಿಲ್ಲ. ಆಗ ಅವಳೇ ಒಂದು ದಿನ ಬುತ್ತಿ ಕಟ್ಟಿಕೊಂಡು ತವರಿಗೆ ಹೋಗಿ, ತನ್ನ ಅಪ್ಪ ಅಮ್ಮನ ಮುಂದೆ ಕೂತು, ತನ್ನ ತಂಗಿಯನ್ನು ತನ್ನ ಗಂಡನಿಗೆ ಕೇಳಿದಳು. ನಮ್ಮಪ್ಪನನ್ನು ಯಾರೂ ಕೇಳಲಿಲ್ಲವಂತೆ. ಸವತಿ ಮಣ್ಣಿನ ಗೊಂಬೆಯಾದರೂ ಬೇಡ ಎನ್ನುತ್ತಾರೆ ಹೆಂಗಸರು. ಇವಳು ಕೈ ಹಿಡಿದು ಕರೆದುಕೊಂಡು ಬಂದಳು. ಆ ಕಾಲದಲ್ಲಿ ನಮ್ಮ ಕಡೆ ಅದು ಹೊಸದಲ್ಲ. ಮಕ್ಕಳಿಲ್ಲದ ಮನೆಗೆ ಹೊರಗಿನವಳು ಬರುವುದಕ್ಕಿಂತ ಒಡಹುಟ್ಟಿದವಳೇ ಬರಲಿ ಎಂದು ಹೀಗೆ ಮಾಡಿದ ಮನೆ ಓಣಿಗೊಂದಾದರೂ ಸಿಗುತ್ತಿತ್ತು.

ಆ ತಂಗಿಯ ಹೊಟ್ಟೆಯಲ್ಲಿ ನಾನು ಹುಟ್ಟಿದೆ, ನನ್ನ ಹಿಂದೆ ನನ್ನ ತಂಗಿ. ಹೆತ್ತವಳನ್ನು ನಾವು ಸಣ್ಣವ್ವ ಎನ್ನುತ್ತಿದ್ದೆವು, ಹಿರಿಯಳನ್ನು ಅವ್ವ. ಹಾಗೆ ಕರೆಯಲು ಕಲಿಸಿದವಳು ಸಣ್ಣವ್ವನೇ. “ನಾ ಹಡದಾಕಿ ಅಷ್ಟs. ಅವ್ವ ಆಕಿ,” ಎನ್ನುತ್ತಿದ್ದಳು. ಜಗಳ ಇರಲಿಲ್ಲ ಎಂದು ಸುಳ್ಳು ಹೇಳಲಾರೆ. ಒಲೆಯ ಮುಂದೆ ಇಬ್ಬರೂ ಕಚ್ಚಾಡುತ್ತಿದ್ದರು, ಅಪ್ಪ ಒಳಗೆ ಕಾಲಿಟ್ಟರೆ ಒಂದಾಗಿ ಅವನ ಮೇಲೆ ಬೀಳುತ್ತಿದ್ದರು. ಅಪ್ಪ ಮೊದಲಿನಿಂದ ಮೂಗಬಸವಣ್ಣ. ಯಾರು ಏನೇ ಅಂದರೂ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ಹೊರಗೆ ಹೋಗುತ್ತಿದ್ದ.

ನಾನು ಬೆಳಗಾವಿಯಲ್ಲಿ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ ಸೇರಿದೆ. ಆಫೀಸು ಎಂದರೆ ಗಾಜಿನ ಅರಮನೆಯೇನಲ್ಲ. ಖಾಸಬಾಗದಲ್ಲಿ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಬುಧವಾರ ಬಂದರೆ ಕೆಳಗೆ ಮಗ್ಗದ ಸೀರೆ ಹೊತ್ತವರ ಗದ್ದಲ, ಮೇಲೆ ನಮ್ಮ ಫ್ಯಾನಿನ ಗದ್ದಲ. ನಮಗೊಬ್ಬ ಸೀನಿಯರ್ ಇದ್ದರು. ಕೆಟ್ಟವರಲ್ಲ, ಆದರೆ ಸ್ವಚ್ಛತೆಯ ಹುಚ್ಚು. ಅವರ ಮೇಜಿನ ಮೇಲೆ ಚಹಾದ ಕಲೆ ಬಿದ್ದರೂ ಕೆಲಸ ನಿಲ್ಲಿಸಿ ಒರೆಸುತ್ತಿದ್ದರು.

ಹಂಚು ಮತ್ತು ಇಟ್ಟಿಗೆ ಕೆಲಸಗಾರರ ಸಹಕಾರಿ ಸಂಘವೊಂದು ಬೆಳಗಾವಿಯಲ್ಲಿ ಚಿಕ್ಕ ಆಸ್ಪತ್ರೆ ನಡೆಸುತ್ತಿತ್ತು. ಸದಸ್ಯ, ಅವನ ಹೆಂಡತಿ, ಮಕ್ಕಳು, ತಂದೆ ತಾಯಿ — ಇಷ್ಟು ಜನಕ್ಕೆ ಅಲ್ಲಿ ಪುಕ್ಕಟೆ ಉಪಚಾರ. ನಮ್ಮಪ್ಪ ಹಳೆಯ ಸದಸ್ಯ. ಆ ಆಸ್ಪತ್ರೆಯ ಸಾಫ್ಟ್‌ವೇರ್ ಕೆಲಸ ನಮಗೆ ಬಂತು, ಕುಟುಂಬಗಳ ಮ್ಯಾಪಿಂಗ್ ನನಗೆ ಬಂತು.

ಮ್ಯಾಪಿಂಗ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಜಾವಾದಲ್ಲಿ ಪ್ರತಿಯೊಬ್ಬ ಮನುಷ್ಯ ಒಂದು ಆಬ್ಜೆಕ್ಟ್. ಡೇಟಾಬೇಸಿನಲ್ಲಿ ಅದೇ ಮನುಷ್ಯ ಟೇಬಲ್ಲಿನ ಒಂದು ಸಾಲು. ಆಬ್ಜೆಕ್ಟುಗಳು ಒಂದರ ಕೈ ಒಂದು ಹಿಡಿದುಕೊಂಡಿರುತ್ತವೆ: ಗಂಡ ಹೆಂಡತಿಯ ಕೈ, ತಾಯಿ ಮಗುವಿನ ಕೈ. ಸಾಲುಗಳಿಗೆ ಕೈಯಿಲ್ಲ, ಬರೀ ನಂಬರು. ಯಾರ ಕೈ ಯಾವ ನಂಬರಾಗಬೇಕು, ಒಬ್ಬರು ಎಷ್ಟು ಜನರ ಕೈ ಹಿಡಿಯಬಹುದು, ಕೈ ಬಿಟ್ಟರೆ ಆ ಸಾಲಿನ ಗತಿ ಏನು — ಇದನ್ನೆಲ್ಲ ನಾವು ಮೊದಲೇ ಬರೆದಿಡಬೇಕು. ಬರೆದಿಟ್ಟ ಮೇಲೆ ಯಂತ್ರ ಅದರಂತೆಯೇ ನಡೆಯುತ್ತದೆ, ಯಾರ ಮುಖವನ್ನೂ ನೋಡುವುದಿಲ್ಲ.

ಸಂಘದ ಕಾರ್ಯದರ್ಶಿ ನಮ್ಮ ಆಫೀಸಿಗೇ ಬಂದು ಕೂತು ನಿಯಮ ಹೇಳಿದರು. “ಕುಟುಂಬಕ್ಕ ಯಜಮಾನ ಒಬ್ಬ, ಹೇಂತಿ ಒಬ್ಬಾಕಿ, ಮಕ್ಕಳು ಎಷ್ಟರ ಇರ್ಲಿ.”

“ಸಾಹೇಬ್ರ, ಹೇಂತಿ ಇಬ್ರು ಇದ್ದಲ್ಲಿ ಏನ ಮಾಡೂದ್ರಿ?” ಎಂದೆ.

“ಯಾವ ಪುಣ್ಯಾತ್ಮಗ ಇಬ್ರು ಅದಾರೋ ತಮ್ಮಾ! ನಮಗ ಒಬ್ಬಾಕಿನ್ನ ಸಂಭಾಳಿಸಾಕ ಆಗವಲ್ದು.”

ಎಲ್ಲರೂ ಬಿದ್ದು ಬಿದ್ದು ನಕ್ಕರು.

“ನಮ್ಮಪ್ಪಗ ಅದಾರ್ರಿ,” ಎಂದೆ.

ನಗು ನಿಂತಿತು. ಟೈಪ್ ಮಾಡುತ್ತಿದ್ದ ಹುಡುಗಿಯೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನ ಕಿವಿ ಕೆಂಪಾಗಿದ್ದು ನನಗೇ ಗೊತ್ತಾಯಿತು. ಕಾರ್ಯದರ್ಶಿ ಮೆಲ್ಲಗೆ, “ಇರಬಹುದಪಾ, ಹಳೇ ಮಂದಿ. ಆದ್ರ ಕಾಯ್ದೆ ಒಬ್ಬಾಕಿ ಅಂತೈತಿ. ನಾವು ಇಬ್ರಿಗೆ ಜಾಗಾ ಮಾಡಿದ್ರ ನಾಳೆ ಆಡಿಟ್‌ನವ್ರು ನನ್ನ ಕುತಗಿ ಹಿಡೀತಾರ,” ಎಂದರು. ನಾನು ಬಿಡಲಿಲ್ಲ. ಖಾನಾಪುರ ಕಡೆ ಇಂಥ ಮನೆ ಬೇಕಾದಷ್ಟಿವೆ, ಆಸ್ಪತ್ರೆಯ ಹಳೆಯ ಕಾರ್ಡುಗಳ ಮೇಲೆ ಇಬ್ಬರ ಹೆಸರೂ ಬರೆದಿದೆ, ನೋಡಿ ಬನ್ನಿ ಎಂದೆ. ಸೀನಿಯರ್ ನನ್ನ ತೊಡೆ ಚಿವುಟಿದರು.

ಆ ಸಾಲನ್ನು ಕೊನೆಗೆ ಸೀನಿಯರ್ ತಾವೇ ಬರೆದರು. ಯಜಮಾನನಿಗೆ ಒಬ್ಬ ಹೆಂಡತಿ. ಹೆಂಡತಿಯ ಸಾಲಿಗೆ ಕಟ್ಟಿದ ಮಕ್ಕಳು. ಜೊತೆಗೆ ಇನ್ನೊಂದು ಅಪ್ಪಣೆ: ಕೈ ಬಿಟ್ಟುಹೋದ ಸಾಲನ್ನು ಆಗಿಂದಾಗ ಅಳಿಸಿಹಾಕು, ಅದರ ಕೆಳಗಿನ ಸಾಲುಗಳನ್ನೂ ಅಳಿಸು. ನಮ್ಮ ಕಸುಬಿನಲ್ಲಿ ಇದಕ್ಕೆ ‘ಆರ್ಫನ್ ರಿಮೂವಲ್’ ಎನ್ನುತ್ತಾರೆ. ಅನಾಥರನ್ನು ತೆಗೆದುಹಾಕುವುದು! ಆ ಹೆಸರಿಟ್ಟವನ ಬಾಯಿಗೆ ಮಣ್ಣು ಬೀಳಲಿ. “ಟೇಬಲ್ ಸ್ವಚ್ಛ ಇರಬೇಕಪಾ. ವಾರಸ್ದಾರ ಇಲ್ಲದ ಸಾಲು ಇಟ್ಕೊಂಡು ಏನ ಮಾಡೂದು?” ಎಂದರು ಸೀನಿಯರ್.

ಹಳೆಯ ಕಾರ್ಡುಗಳನ್ನೆಲ್ಲ ಒಳಗೆ ತುಂಬಿದ ದಿನ ಯಾವ ಗದ್ದಲವೂ ಆಗಲಿಲ್ಲ. ನಮ್ಮ ಮನೆಯ ಕಾರ್ಡಿನ ಮೇಲೆ ಮೊದಲು ಅವ್ವನ ಹೆಸರು, ಅದರ ಕೆಳಗೆ ಸಣ್ಣವ್ವನ ಹೆಸರು. ಯಂತ್ರ ಮೊದಲನೆಯವಳನ್ನು ಓದಿ ಹೆಂಡತಿಯ ಖಾನೆಯಲ್ಲಿ ಕೂರಿಸಿತು. ಎರಡನೆಯವಳನ್ನು ಓದಿ ಅದೇ ಖಾನೆಯಲ್ಲಿ ಕೂರಿಸಿತು. ಅವ್ವನ ಕೈ ಬಿಟ್ಟಿತು. ಕೈ ಬಿಟ್ಟವಳನ್ನು ಅಳಿಸಿತು. ಒಂದು ಎರರ್ ಕೂಡ ಬರಲಿಲ್ಲ. ಕಂಪ್ಯೂಟರಿಗೆ ಹೂವಿನ ಹಾರ ಹಾಕಿ, ಕಾಯಿ ಒಡೆದು, ಪೇಢೆ ಹಂಚಿದರು.

ಅವ್ವನಿಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿದ್ದವು. ಆಸ್ಪತ್ರೆಯಲ್ಲಿ ರಕ್ತ ಸೋಸುವ ಯಂತ್ರಗಳಿದ್ದವು, ಆ ಡಯಾಲಿಸಿಸ್ ಮೇಲೆಯೇ ಅವಳ ಜೀವ ನಿಂತಿತ್ತು. ವಾರಕ್ಕೆ ಎರಡು ಸಲ ಸಣ್ಣವ್ವ ಅವಳನ್ನು ಖಾನಾಪುರದಿಂದ ಬಸ್ಸಿನಲ್ಲಿ ಕರೆತರುತ್ತಿದ್ದಳು. ಮೊದಲು ನರ್ಸುಗಳು ಪಾಳಿ ಕೈಯಲ್ಲಿ ಬರೆಯುತ್ತಿದ್ದರು. ಈಗ ಪಾಳಿ ಸಾಫ್ಟ್‌ವೇರ್ ಕೊಡಬೇಕು. ಹೊಸ ಪದ್ಧತಿ ಶುರುವಾದ ಮೇಲೆ ಅವರು ಬಂದ ಮೊದಲ ದಿನ ಕೌಂಟರಿನ ಹುಡುಗಿ ಹುಡುಕಿ ಹುಡುಕಿ, “ಈ ಕುಟುಂಬದಾಗ ಈ ಹೆಸರಿನವ್ರು ಯಾರೂ ಇಲ್ರಿ ಅಜ್ಜಿ,” ಎಂದಳಂತೆ.

“ಇಲ್ಲಂದ್ರ ಇಲ್ಲೆ ನಿಂತಾಕಿ ಯಾರವಾ? ದೆವ್ವೇನು?” ಎಂದು ಅವ್ವ ನಕ್ಕಳಂತೆ.

ಡಾಕ್ಟರು ಒಳ್ಳೆಯವರು, ಆವತ್ತಿಗೆ ಯಂತ್ರಕ್ಕೆ ಹಚ್ಚಿದರು. ಮುಂದಿನ ಸಲದೊಳಗೆ ಹೆಸರು ಸರಿ ಮಾಡಿಸಿಕೊಂಡು ಬನ್ನಿ, ಪಾಳಿಯಿಲ್ಲದೆ ಕೂರಿಸಿದರೆ ಬೇರೆ ಪೇಶಂಟಿನ ಜಾಗ ಹೋಗುತ್ತದೆ ಎಂದರು. ಅವರ ಮಾತೂ ಖರೆ.

ನಾನು ಏನೇನು ಮಾಡಲಿಲ್ಲ? ಜಾವಾವನ್ನು ಬದಿಗಿಟ್ಟು ನೇರವಾಗಿ ಟೇಬಲ್ಲಿನಲ್ಲಿ ಅವ್ವನ ಸಾಲನ್ನು ಕೈಯಿಂದ ಬರೆದೆ. ಟೇಬಲ್ಲು ಸುಮ್ಮನೆ ತೆಗೆದುಕೊಂಡಿತು. ಆದರೆ ಜಾವಾ ಒಂದೇ ಹೆಂಡತಿಯನ್ನು ಹುಡುಕಿಕೊಂಡು ಹೋಗಿ ಇಬ್ಬರನ್ನು ಕಂಡು ಬೆಚ್ಚಿಬಿತ್ತು. ‘ಒಂದಕ್ಕಿಂತ ಹೆಚ್ಚು ಸಾಲು ಸಿಕ್ಕಿವೆ’ ಎಂದು ಕೆಂಪಕ್ಷರದಲ್ಲಿ ಬರೆದು ನಮ್ಮ ಇಡೀ ಕುಟುಂಬದ ಪುಟವನ್ನೇ ಮುಚ್ಚಿತು. ಅಪ್ಪನೂ ಇಲ್ಲ, ಸಣ್ಣವ್ವನೂ ಇಲ್ಲ, ಯಾರೂ ಇಲ್ಲ. ಸೀನಿಯರ್ ಬಂದು ನಾನು ಬರೆದ ಸಾಲನ್ನು ಒರೆಸಿ ಹೋದರು. ನಾನು ಅವರ ಮೇಲೆ ಹರಿಹಾಯ್ದೆ. ಸೈಕಲ್ ಅಂಗಡಿಯವನು ಮೇಲೆ ಬಂದು ಇಣುಕಿದ.

“ಕಮಿಟಿ ಸಹಿ ಇಲ್ದ ನಾ ಮ್ಯಾಪಿಂಗ್ ಮುಟ್ಟಿದ್ರ ಈ ಕೆಲಸs ನಮ್ಮ ಕೈ ಬಿಟ್ಟು ಹೋಕ್ಕೈತಿ, ತಮ್ಮಾ. ಕಮಿಟಿ ಯಾವಾಗ ಕೂಡ್ತೈತೋ ಶಿವಗs ಗೊತ್ತು,” ಎಂದರು ಸೀನಿಯರ್. ಮೇಜು ಒರೆಸುತ್ತ, “ಒಂದ ಕೆಲಸ ಮಾಡು. ತಾಯಿ ಖಾನೆ ಖಾಲಿ ಐತಲಾ, ನಿಮ್ಮಪ್ಪನ ತಾಯಿ ಅಂತ ಹಾಕು,” ಎಂದರು.

ನಾನು ಆ ಶನಿವಾರ ಖಾನಾಪುರಕ್ಕೆ ಹೋಗಿ ಇದನ್ನು ಹೇಳಿದಾಗ ಅವ್ವ ಕೆಮ್ಮು ಬರುವಷ್ಟು ನಕ್ಕಳು. “ಥೂ ನಿಮ್ಮ! ಕಟ್ಟಿಕೊಂಡ ಗಂಡಗ ತಾಯಾಗ್ಲೇನು ನಾ? ನಿನ್ನ ಕಂಪ್ಯೂಟರಿಗೆ ಮಾನ ಮರ್ಯಾದಿ ಏನರ ಐತೋ ಇಲ್ಲೋ?”

ಆಧಾರ್ ಕಾರ್ಡಿನ ವಯಸ್ಸೂ ಅದಕ್ಕೆ ಒಪ್ಪುತ್ತಿರಲಿಲ್ಲ. ಸಣ್ಣವ್ವ ಮಾತ್ರ ನಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. “ನನ್ನ ಹೆಸರು ತಗಿ. ಆ ಖಾನ್ಯಾಗ ಅಕ್ಕನ್ನ ಕುಂದ್ರಸು. ನನಗೇನಾಗೈತಿ? ಗುಂಡಕಲ್ಲಿನಂಗ ಅದೀನಿ.”

ಅದಕ್ಕೆ ನಿಯಮ ಅಡ್ಡ ಬರುತ್ತಿರಲಿಲ್ಲ. ಯಜಮಾನನೇ ಬಂದು ಕಾರ್ಯದರ್ಶಿಯ ಮುಂದೆ ಬಾಯಿಬಿಟ್ಟು ಹೇಳಿದರೆ ಹೆಂಡತಿಯ ಹೆಸರು ಬದಲಿಸಬಹುದಿತ್ತು. ಅಪ್ಪ ಹೂಂ ಎಂದ. ಅವ್ವ ಮೊದಲು ಒಪ್ಪಲಿಲ್ಲ, ಆಮೇಲೆ ಸಣ್ಣವ್ವ ಅತ್ತದ್ದಕ್ಕೆ ಒಪ್ಪಿದಳು. ಎಲ್ಲ ಬಗೆಹರಿಯಿತು ಎಂದು ನಾನು ಬೆಳಗಾವಿಗೆ ಹಗುರಾಗಿ ಮರಳಿದೆ.

ಸೋಮವಾರ ಮೂವರೂ ಬಸ್ಸಿಳಿದು ಬಂದರು. ಮೂರನೇ ಗೇಟಿನಲ್ಲಿ ರೈಲಿಗಾಗಿ ಬಸ್ಸು ನಿಂತು ತಡವಾಗಿತ್ತು, ಅವ್ವನ ಕಾಲು ಬಾತಿದ್ದವು. ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಯದರ್ಶಿ ಕುರ್ಚಿ ಹಾಕಿಸಿ, ಸಾವಕಾಶವಾಗಿಯೇ ಕೇಳಿದರು: “ಹೇಳ್ರಿ ಯಜಮಾನ್ರ. ಹೇಂತಿ ಅಂತ ಯಾರ ಹೆಸರು ಇಡೂದ್ರಿ?”

ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವ್ವನ ಕಡೆ ನೋಡಿದ. ಅಷ್ಟರಲ್ಲಿ ಕಾರ್ಯದರ್ಶಿ ಸ್ಕ್ರೀನಿನ ಮೇಲೆ ಬಂದ ಸೂಚನೆಯನ್ನು ಓದಿದರು. ಮೋಸ ಮಾಡುವ ಮನುಷ್ಯರಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು: “ಹಾಂ, ಒಂದ ಮಾತು. ಈಗಿದ್ದಾಕಿನ್ನ ತಗದ್ರ ಆಕಿ ಜೋಡಿ ಇಬ್ರೂ ಮಕ್ಕಳ ಹೆಸರೂ ಅಳಿಸಿ ಹೋಕ್ಕಾವ, ನೋಡ್ರಿ ಮತ್ತ.”

ಅವ್ವ ಕುರ್ಚಿಯಿಂದ ಎದ್ದು ನಿಂತಳು.

ನಮ್ಮ ಮನೆಯಲ್ಲಿ ಬದುಕಿರುವವರ ಹೆಸರು ಅಳಿಸುವಂತಿಲ್ಲ. ಸತ್ತವರದ್ದನ್ನು ಮಾತ್ರ ಅಳಿಸುತ್ತಾರೆ. ಮದುವೆಗೆ ಕರೆಯಬೇಕಾದವರೆಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಹೆಸರನ್ನೂ ಅವ್ವ ಒರೆಸುತ್ತಿರಲಿಲ್ಲ, ಮುಂದಿನ ಸುಣ್ಣ ಬಳಿಯುವವರೆಗೆ ಹಾಗೇ ಬಿಡುತ್ತಿದ್ದಳು. ಅದರಲ್ಲೂ ಇವು ಮಕ್ಕಳ ಹೆಸರು. ಈ ಮಕ್ಕಳಿಗಾಗಿಯೇ ಅವಳು ತವರಿಗೆ ಹೋಗಿ ಸವತಿಯನ್ನು ಕೇಳಿ ತಂದವಳು.

“ಅವ್ವಾ, ಬರೇ ಕಂಪ್ಯೂಟರಿನ್ಯಾಗ. ಅಳಿಸಿದ ಕೂಡ್ಲೆ ನಾನs ಮತ್ತ ಬರೀತೀನಿ. ನಿನ್ನ ಕೆಳಗs ಬರೀತೀನಿ, ನಿನ್ನ ಮಕ್ಕಳು ಅಂತ,” ಎಂದು ಅಂಗಲಾಚಿದೆ. ಕೈ ಮುಗಿದೆ.

“ಒಂದ ಕ್ಷಣಾ ಅಳಸಿದ್ರೂ ಅಳಸೂದು ಅಳಸೂದs. ಬ್ಯಾಡ.” ಆಮೇಲೆ ಅವಳು ಕಾರ್ಯದರ್ಶಿಯ ಕಡೆ ತಿರುಗಿ, ಸೆರಗು ಸರಿ ಮಾಡಿಕೊಂಡು, ಹಣೆಯ ತುಂಬ ಕುಂಕುಮ ಇಟ್ಟುಕೊಂಡವಳು, ಹೇಳಿದಳು: “ನಾ ಇವರ ಹೇಂತಿ ಅಲ್ರಿ. ಹೇಂತಿ ಈಕಿ. ನಾ ಈಕಿ ಅಕ್ಕ. ನನಗ ಯಾರೂ ಇಲ್ಲ, ಇವರ ಮನ್ಯಾಗ ಇರ್ತೀನಿ, ಅಷ್ಟs.”

ಸಣ್ಣವ್ವ ಬಾಯಿಗೆ ಸೆರಗು ತುರುಕಿಕೊಂಡಳು. ನಾನು ಅಪ್ಪನ ಮುಖ ನೋಡಿದೆ. ಒಂದು ಮಾತು ಆಡು, ಅಲ್ಲ ಎನ್ನು, ಸುಳ್ಳು ಎನ್ನು, ಏನಾದರೂ ಅನ್ನು! ಅವನು ಟೊಪ್ಪಿಗೆಯನ್ನು ತಿರುವುತ್ತ ನಿಂತಿದ್ದ. ಕಾರ್ಯದರ್ಶಿ ಅವನನ್ನೇ ಇನ್ನೊಮ್ಮೆ ಕೇಳಿದರು, “ಖರೇ ಏನ್ರಿ?” ಅಪ್ಪ ತಲೆ ಕೆರೆದುಕೊಂಡು ಹೊರಗೆ ನಡೆದ. ಅವರು ಇದ್ದ ಹೆಸರನ್ನು ಹಾಗೇ ಬಿಟ್ಟರು. ಆವತ್ತು ನನಗೆ ಯಂತ್ರದ ಮೇಲೆ ಬಂದ ಸಿಟ್ಟಿಗಿಂತ ಅಪ್ಪನ ಮೇಲೆ ಬಂದ ಸಿಟ್ಟು ದೊಡ್ಡದು.

ಹೊರಗೆ ಬಂದ ಮೇಲೆ ಅವ್ವನೇ ನಮಗೆ ಧೈರ್ಯ ಹೇಳಿದಳು. “ಯಾಕ ಎಲ್ರೂ ಮಾರಿ ಸಣ್ಣ ಮಾಡೀರಿ? ಸತ್ತೇನೇನು ನಾ? ಒಂದ ಚಾ ಕುಡಿಸ್ರಿ.” ಹೆಚ್ಚು ನೀರು ಕುಡಿಯುವಂತಿಲ್ಲದ ಅವಳು ಎರಡು ಗುಟುಕು ಕುಡಿದು ಉಳಿದದ್ದನ್ನು ಸಣ್ಣವ್ವನ ಚಹಾದ ಬಸಿಗೆ ಹಾಕಿದಳು.

ಆಮೇಲೆ ಇನ್ನೊಂದು ಆಸ್ಪತ್ರೆಯಲ್ಲಿ ಪಾಳಿ ಸಿಕ್ಕಿತು, ವಾರಕ್ಕೆ ಒಂದೇ ಸಲ. ಎರಡು ಸಲ ಬೇಕಾದವಳಿಗೆ ಒಂದು ಸಲ. ನಾನು ಕಮಿಟಿಯವರ ಮನೆ ಮನೆ ಅಲೆದೆ. ಒಬ್ಬರು ಲೋಂಡಾಕ್ಕೆ ಮಗಳ ಮನೆಗೆ ಹೋಗಿದ್ದರು, ಅಲ್ಲಿಗೂ ಹೋದೆ. ಎಲ್ಲರೂ ಕೂರಿಸಿ ಚಹಾ ಕೊಟ್ಟರು, ಮುಂದಿನ ಮೀಟಿಂಗಿನಲ್ಲಿ ನೋಡೋಣ ಎಂದರು. ಖಾನಾಪುರಕ್ಕೆ ಹೋದಾಗಲೆಲ್ಲ ಅವ್ವನ ಮುಖ ಹಿಂದಿನ ಸಲಕ್ಕಿಂತ ಬಾತಿರುತ್ತಿತ್ತು. ಕೂತಲ್ಲೇ ಉಸಿರು ಸಾಲುತ್ತಿರಲಿಲ್ಲ. ಆದರೂ ನನ್ನನ್ನು ಕಂಡರೆ, “ಬಂದ್ಯಾ, ಅಳಸೂ ಸಾಹೇಬಾ?” ಎಂದು ಕೆಣಕುತ್ತಿದ್ದಳು. ನಾನು ನಗುತ್ತಿದ್ದೆ. ನಕ್ಕು, ಹಿತ್ತಲಿಗೆ ಹೋಗಿ ಅಳುತ್ತಿದ್ದೆ. ಏನು ಕಲಿತು ಏನು ಬಂತು ಎಂದು ನನ್ನ ತಲೆಗೆ ನಾನೇ ಹೊಡೆದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಸಣ್ಣವ್ವ ಹಾಲು ಕಾಯಿಸುತ್ತಿದ್ದಾಗ ಅವ್ವ ಹೋದಳು. ಗಂಡನಿರುವಾಗಲೇ ಹೋದ ಮುತ್ತೈದೆ ಎಂದು ಓಣಿಯ ಹೆಂಗಸರು ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಟ್ಟರು. ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು. ಅಪ್ಪ ವಿಭೂತಿ ಹಚ್ಚಿದ, ಮೊದಲ ಹಿಡಿ ಮಣ್ಣು ಹಾಕಿದ. ಅವನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಕಲ್ಲು ಮನುಷ್ಯ ಎಂದುಕೊಂಡೆ.

ಕಮಿಟಿ ಆಮೇಲೆ ಕೂಡಿತು. ಬೇರೆ ಹಳ್ಳಿಗಳಿಂದಲೂ ಹೆಸರು ಅಳಿಸಿಹೋದ ಹೆಂಗಸರು ಬಂದು ಕೌಂಟರಿನ ಮುಂದೆ ಗಲಾಟೆ ಮಾಡಿದ್ದರು. ಕಮಿಟಿಯ ಸದಸ್ಯರೊಬ್ಬರ ಅತ್ತಿಗೆಯೇ ಅದರಲ್ಲಿ ಒಬ್ಬಳು. ಈಗ ಕಾಯ್ದೆ ಯಾರಿಗೂ ಅಡ್ಡ ಬರಲಿಲ್ಲ. ‘ಆಶ್ರಿತ ಹೆಂಡತಿಯರು’ ಎಂದು ಬರೆಯಿರಿ ಎಂದು ಸಹಿ ಹಾಕಿದರು. ನಾನು ಆ ಒಂದು ಸಾಲನ್ನು ಬದಲಿಸಿದೆ, ಅಳಿಸುವ ಅಪ್ಪಣೆಯನ್ನು ಕಿತ್ತೆಸೆದೆ, ಮಕ್ಕಳನ್ನು ಕುಟುಂಬಕ್ಕೇ ಕಟ್ಟಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಂದು ಊಟದ ಹೊತ್ತಿನ ಕೆಲಸಕ್ಕೆ ನಮ್ಮವ್ವ ಸತ್ತಳು. ನನಗೆ ಅಲ್ಲಿ ಕೂರಲಾಗಲಿಲ್ಲ. ಹಳೆಯ ಕಾರ್ಡುಗಳಿಂದ ಅಳಿದ ಹೆಂಗಸರನ್ನು ಮರಳಿ ತುಂಬುವ ಕೆಲಸವನ್ನು ಸೀನಿಯರಿಗೆ ಬಿಟ್ಟು ಎದ್ದು ಬಂದೆ.

ಅವರು ತುಂಬಿದರು. ಎಲ್ಲರೂ ಬಂದರು. ನಮ್ಮವ್ವನೂ ಬಂದಳು. ಅಳಿಸಿಹೋಗಿದ್ದವಳು ಸತ್ತದ್ದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಹಳೆಯ ಕಾರ್ಡಿನಲ್ಲಿದ್ದಂತೆ ಅವಳು ಬದುಕಿದ್ದಾಳೆ, ಡಯಾಲಿಸಿಸ್ ಪೇಶಂಟ್, ಪಾಳಿ ಬಾಕಿಯಿದೆ ಎಂದು ಅದು ಲೆಕ್ಕ ಹಾಕಿತು. ‘ನಿಮ್ಮ ಪತ್ನಿಯವರ ಪಾಳಿ ಮಂಗಳವಾರ ಬೆಳಿಗ್ಗೆ, ತಪ್ಪದೆ ಹಾಜರಿರಿ’ ಎಂದು ಅಪ್ಪನ ಫೋನಿಗೆ ಸಂದೇಶ ಕಳಿಸಿತು. ಅಪ್ಪನಿಗೆ ಓದಲು ಬರುವುದಿಲ್ಲ. ಓಣಿಯ ಕಿರಾಣಿ ಅಂಗಡಿಯ ಮರಾಠಿ ಕಾಕಾ ಓದಿ ಹೇಳಿದರಂತೆ, ಓದಿ, ಫೋನು ಬಂದ್ ಮಾಡಿ ಅವನ ಕಿಸೆಗೆ ತಾವೇ ಇಟ್ಟರಂತೆ.

ಮಂಗಳವಾರ ಕೌಂಟರಿನ ಹುಡುಗಿ ನನಗೆ ಫೋನು ಮಾಡಿದಳು. “ಅಣ್ಣಾರ, ನಿಮ್ಮ ಅಪ್ಪಾರು ಬಂದು ಕುಂತಾರ್ರಿ. ಎಷ್ಟ ಹೇಳಿದ್ರೂ ಏಳವಲ್ರು. ಲಗೂನ ಬರ್ರಿ.”

ಗಾಡಿ ತೆಗೆದುಕೊಂಡು ಓಡಿದೆ. ಡಯಾಲಿಸಿಸ್ ಕೋಣೆಯಲ್ಲಿ, ಯಂತ್ರದ ಬಾಜುವಿನ ಕುರ್ಚಿಯ ಮೇಲೆ ಅಪ್ಪ ಕೂತಿದ್ದ. ತೊಳೆದ ಧೋತರ, ಟೊಪ್ಪಿಗೆ, ತೊಡೆಯ ಮೇಲೆ ಅವ್ವ ಪಾಳಿಗೆ ತರುತ್ತಿದ್ದ ಚೀಲ. ನರ್ಸು ಅವ್ವನ ಹೆಸರು ಕೂಗಿ, ‘ಇವರ ಕಡೆಯವರು ಯಾರ್ರಿ’ ಎಂದು ಕೇಳಿದಾಗ ಅವನು ಹೊರಗಿನ ಬೆಂಚಿನಿಂದ ಎದ್ದು, ಇಡೀ ಕೋಣೆಗೆ ಕೇಳುವಂತೆ, ‘ನನ್ನ ಹೇಂತಿ ರೀ ಆಕಿ’ ಎಂದನಂತೆ. ಹಾಗೆಂದವನು ಒಳಗೆ ಬಂದು ಕುರ್ಚಿಯ ಮೇಲೆ ಕೂತನಂತೆ.

“ಅಪ್ಪಾ, ಅದು ಯಂತ್ರ ತಪ್ಪಿ ಕಳಿಸಿದ್ದು. ಅವ್ವ ಇಲ್ಲಲ್ಲೋ,” ಎಂದೆ.

“ಗೊತ್ತೈತಿ. ನಾನs ಮಣ್ಣ ಕೊಟ್ಟೀನಿ.”

“ಮತ್ತ ಯಾಕ ಬಂದಿ?”

ಅವನು ಟೊಪ್ಪಿಗೆ ತೆಗೆಯಲಿಲ್ಲ, ತಲೆ ಕೆರೆದುಕೊಳ್ಳಲಿಲ್ಲ. ನನ್ನನ್ನೇ ನೋಡಿದ. “ಅವತ್ತ ಕೇಳಿದಾಗ ನನ್ನ ಬಾಯಿ ಏಳಲಿಲ್ಲ. ಇವತ್ತ ಮತ್ತ ಕೇಳ್ತಾರ ಅಂತ ಬಂದ್ನಿ. ಕೇಳಿದ್ರು. ಹೇಳಿದ್ನಿ.”

ಮುಂದಿನ ಪಾಳಿಯವರು ಬಾಗಿಲಲ್ಲಿ ನಿಂತಿದ್ದರು. ನಾನು ಅಪ್ಪನ ರಟ್ಟೆ ಹಿಡಿದು ಎಬ್ಬಿಸಿದೆ.